ದನಿ ಎಲ್ಲಿ ನಿಂತಿತು?

ಮಕ್ಕಳೇ, ಹೀಗೊಂದು ದಿನವನ್ನು ಊಹಿಸಿಕೊಳ್ಳಿ. ನಿಮ್ಮ ಶಾಲೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕರಲ್ಲಿ ಯಾವ ತಾಲ್ಲೂಕಿನಲ್ಲಾದರೂ ಇರಲಿ. ಶನಿವಾರದ ಬೆಳಗಿನ ಶಾಲೆ. ಕಂಪ್ಯೂಟರಿನ ಸುತ್ತ ನೀವೆಲ್ಲ ಒತ್ತೊತ್ತಾಗಿ ಕುಳಿತಿದ್ದೀರಿ. ಗುರುಗಳು ಪಕ್ಷಿಗಳ ಪಾಠದ ವಿಡಿಯೊ ಹಚ್ಚಿದರು. ಪರದೆಯ ಮೇಲೆ ಕೋಗಿಲೆ ಬಂತು, ಕೊಕ್ಕು ತೆರೆಯಿತು. ಆದರೆ ದನಿಯೇ ಇಲ್ಲ!

ಒಬ್ಬರು ಸ್ಪೀಕರಿಗೆ ಎರಡು ಪೆಟ್ಟು ಕೊಟ್ಟರು. ಇನ್ನೊಬ್ಬರು ತಂತಿ ಎಳೆದು ನೋಡಿದರು. ‘ಇದು ಕೆಟ್ಟೈತ್ರಿ ಸರ್’ ಎಂದು ಹಿಂದಿನ ಸಾಲಿನಿಂದ ತೀರ್ಪೂ ಬಂತು. ಕಂಪ್ಯೂಟರಿನ ಮೇಲೆ ಬಟ್ಟೆ ಹೊದಿಸಿ ಎಲ್ಲರೂ ಮೈದಾನಕ್ಕೆ ಓಡಿದಿರಿ.

ನಿಜಕ್ಕೂ ಅದು ಕೆಟ್ಟಿತ್ತೇ? ಹೆಚ್ಚಿನ ಸಲ ಇಲ್ಲ. ದನಿ ಹೊರಟಿರುತ್ತದೆ, ದಾರಿಯಲ್ಲಿ ಎಲ್ಲೋ ಒಂದು ಕಡೆ ನಿಂತುಬಿಟ್ಟಿರುತ್ತದೆ. ಅದು ಎಲ್ಲಿ ನಿಂತಿದೆ ಎಂದು ಹುಡುಕುವುದು ಹೇಗೆ? ಇವತ್ತು ಅದನ್ನೇ ನೋಡೋಣ. ನಿಮ್ಮ ಶಾಲೆಯ ಕಂಪ್ಯೂಟರಿನಲ್ಲಿ ಲಿನಕ್ಸ್ ಎಂಬ ಮುಕ್ತ ತಂತ್ರಾಂಶವಿದ್ದರೆ ಈ ಹುಡುಕಾಟ ಇನ್ನೂ ಚೆನ್ನ. ಏಕೆಂದರೆ ಅದು ತನ್ನ ಒಳಗಿನ ಎಲ್ಲ ಬಾಗಿಲುಗಳನ್ನೂ ತೆರೆದು ತೋರಿಸುತ್ತದೆ.

ಮಲಪ್ರಭೆಯ ಕಾಲುವೆಯಂತೆ

ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭಾ ನದಿಗೆ ಸವದತ್ತಿ ತಾಲ್ಲೂಕಿನ ನವಿಲುತೀರ್ಥದಲ್ಲಿ ಅಣೆಕಟ್ಟು ಕಟ್ಟಿದ್ದಾರೆ. ಅಲ್ಲಿಂದ ನೀರು ದೊಡ್ಡ ಕಾಲುವೆಗೆ, ದೊಡ್ಡ ಕಾಲುವೆಯಿಂದ ಮರಿ ಕಾಲುವೆಗೆ, ಅಲ್ಲಿಂದ ತೂಬು ದಾಟಿ ಹೊಲಕ್ಕೆ ಹೋಗುತ್ತದೆ. ಒಂದು ದಿನ ಹೊಲಕ್ಕೆ ನೀರು ಬರಲಿಲ್ಲ ಎನ್ನಿ. ರೈತರು ‘ನದಿ ಕೆಟ್ಟಿದೆ’ ಎನ್ನುತ್ತಾರೆಯೇ? ಇಲ್ಲ. ಕಾಲುವೆಯ ಗುಂಟ ನಡೆದು, ಎಲ್ಲಿಯ ತನಕ ನೀರು ಬಂದಿದೆ, ಎಲ್ಲಿಂದ ಒಣಗಿದೆ ಎಂದು ನೋಡುತ್ತಾರೆ. ಹಸಿ ಮುಗಿದು ಒಣ ನೆಲ ಶುರುವಾಗುವ ಜಾಗದಲ್ಲೇ ತೊಂದರೆ ಇರುತ್ತದೆ. ತೂಬು ಮುಚ್ಚಿರಬಹುದು, ಕಸ ಕಟ್ಟಿರಬಹುದು, ಅಥವಾ ನೀರು ಪಕ್ಕದವರ ಹೊಲಕ್ಕೆ ತಿರುಗಿರಬಹುದು.

ಕಂಪ್ಯೂಟರಿನಲ್ಲೂ ದನಿಗೆ ಹೀಗೊಂದು ಕಾಲುವೆ ಇದೆ. ಹಾಡು ಮೊದಲು ಒಂದು ಕಡತದಲ್ಲಿ ಇರುತ್ತದೆ. ಅದನ್ನು ಹಾಡಿಸುವ ತಂತ್ರಾಂಶ ಅದನ್ನು ಬಿಚ್ಚಿ ಓದುತ್ತದೆ. ಓದಿದ್ದನ್ನು ದನಿ ಹಂಚುವ ಇನ್ನೊಂದು ತಂತ್ರಾಂಶಕ್ಕೆ ಕೊಡುತ್ತದೆ. ಅದು ಡ್ರೈವರಿಗೆ ಕೊಡುತ್ತದೆ. ಡ್ರೈವರ್ ಸೌಂಡ್ ಕಾರ್ಡಿಗೆ ಕೊಡುತ್ತದೆ. ಸೌಂಡ್ ಕಾರ್ಡಿನಿಂದ ತಂತಿ, ತಂತಿಯಿಂದ ಸ್ಪೀಕರ್, ಸ್ಪೀಕರಿನಿಂದ ಗಾಳಿ, ಗಾಳಿಯಿಂದ ನಿಮ್ಮ ಕಿವಿ. ಇಷ್ಟು ದೂರದಲ್ಲಿ ಯಾವ ಒಂದು ತೂಬು ಮುಚ್ಚಿದ್ದರೂ ಕೋಗಿಲೆ ಹಾಡುವುದಿಲ್ಲ.

ಸಂಖ್ಯೆಗಳು ದನಿಯಾಗುವುದು

ಈ ದಾರಿಯಲ್ಲಿ ನಡೆಯುವ ಮೊದಲು ಒಂದು ಪ್ರಶ್ನೆ. ಕಡತದೊಳಗೆ ಹಾಡು ಯಾವ ರೂಪದಲ್ಲಿ ಇರುತ್ತದೆ? ಅಲ್ಲಿ ದನಿ ಇರುವುದಿಲ್ಲ, ಬರೀ ಸಂಖ್ಯೆಗಳಿರುತ್ತವೆ.

ಡೊಳ್ಳಿಗೆ ಕೋಲು ಬಿದ್ದಾಗ ಅದರ ಚರ್ಮ ಹಿಂದೆ ಮುಂದೆ ಅದುರುತ್ತದೆ. ಜೊತೆಗೆ ಸುತ್ತಲ ಗಾಳಿಯೂ ಒತ್ತಿ ಸಡಿಲಗೊಳ್ಳುತ್ತದೆ. ಆ ಅಲೆ ನಿಮ್ಮ ಕಿವಿಯ ತಮಟೆಯನ್ನು ಅದುರಿಸಿದಾಗ ‘ಢಂ’ ಎಂದು ಕೇಳುತ್ತದೆ. ಧ್ವನಿಮುದ್ರಣ ಮಾಡುವಾಗ ಮೈಕ್ ಈ ಅದುರುವಿಕೆಯನ್ನು ವಿದ್ಯುತ್ತಾಗಿಸುತ್ತದೆ. ಕಂಪ್ಯೂಟರ್ ಆ ವಿದ್ಯುತ್ತನ್ನು ಮತ್ತೆ ಮತ್ತೆ ಅಳೆದು ಸಂಖ್ಯೆಯಾಗಿ ಬರೆದುಕೊಳ್ಳುತ್ತದೆ. ಹಾಡಿನ ಸಿಡಿಯಲ್ಲಿ ಒಂದು ಸೆಕೆಂಡಿಗೆ ಎಷ್ಟು ಸಲ ಅಳೆದಿರುತ್ತಾರೆ ಗೊತ್ತೇ? 44,100 ಸಲ! ಪ್ರತಿ ಅಳತೆಯೂ 65,536 ಮೆಟ್ಟಿಲುಗಳಲ್ಲಿ ಯಾವುದೋ ಒಂದರ ಮೇಲೆ ನಿಲ್ಲುತ್ತದೆ. ಎಡ ಸ್ಪೀಕರಿಗೆ ಒಂದು ಸಾಲು, ಬಲಕ್ಕೆ ಇನ್ನೊಂದು ಸಾಲು. ಹೀಗಾಗಿ ಒಂದು ನಿಮಿಷದ ಹಾಡಿಗೆ ಸುಮಾರು 1 ಕೋಟಿ 6 ಲಕ್ಷ ಬೈಟು ಜಾಗ ಬೇಕು. ಇಷ್ಟೊಂದು ಜಾಗ ಬೇಡವೆಂದೇ ಹಾಡುಗಳನ್ನು ಒತ್ತಿ ಚಿಕ್ಕದಾಗಿಸಿ ಇಡುವುದು ರೂಢಿ.

ಸೆಕೆಂಡಿಗೆ ಅಷ್ಟೊಂದು ಸಲ ಏಕೆ ಅಳೆಯಬೇಕು? ಮನುಷ್ಯರ ಕಿವಿ ಸೆಕೆಂಡಿಗೆ ಹೆಚ್ಚೆಂದರೆ 20,000 ಸಲ ಅದುರುವ ದನಿಯನ್ನು ಕೇಳಬಲ್ಲದು. ಒಂದು ಅದುರುವಿಕೆಯನ್ನು ಸರಿಯಾಗಿ ಹಿಡಿಯಬೇಕಾದರೆ ಅದರ ಏರನ್ನೂ ಇಳಿತವನ್ನೂ ಅಳೆಯಬೇಕು. ಅಂದರೆ ಎರಡರಷ್ಟಕ್ಕಿಂತ ಸ್ವಲ್ಪ ಹೆಚ್ಚೇ ಬೇಕು. ಲೆಕ್ಕ ಹಾಕಿ ನೋಡಿ, ಸರಿಯಾಗುತ್ತದೆ.

ಈಗ ಸೌಂಡ್ ಕಾರ್ಡಿನ ಕೆಲಸ ಸುಲಭವಾಗಿ ಅರ್ಥವಾಗುತ್ತದೆ. ಸಾಲಾಗಿ ಬರುವ ಈ ಸಂಖ್ಯೆಗಳನ್ನು ತಿರುಗಿ ವಿದ್ಯುತ್ತಾಗಿ ಮಾಡುವುದೇ ಅದರ ಕೆಲಸ. ಆ ವಿದ್ಯುತ್ತು ಸ್ಪೀಕರಿನ ತಂತಿ ಸುರುಳಿಗೆ ಹೋಗುತ್ತದೆ. ಸುರುಳಿ ಅಯಸ್ಕಾಂತದ ಪಕ್ಕದಲ್ಲಿ ಇರುವುದರಿಂದ ಹಿಂದೆ ಮುಂದೆ ಜಗ್ಗುತ್ತದೆ. ಅದಕ್ಕೆ ಅಂಟಿದ ಕಾಗದದ ಬಟ್ಟಲೂ ಕುಣಿಯುತ್ತದೆ. ಹಳೆಯ ರೇಡಿಯೊದ ತೆರೆದ ಸ್ಪೀಕರ್ ಸಿಕ್ಕರೆ ಅದನ್ನು ಮೇಲ್ಮುಖವಾಗಿಟ್ಟು ನಾಲ್ಕು ಸಾಸಿವೆ ಕಾಳು ಹಾಕಿ ನೋಡಿ. ಹಾಡಿಗೆ ತಕ್ಕಂತೆ ಸಾಸಿವೆ ಪುಟಿಯುತ್ತದೆ.

ಸೌಂಡ್ ಕಾರ್ಡ್ ಎಂದರೆ ಮೊದಲು ನಿಜವಾಗಿಯೂ ಒಂದು ಕಾರ್ಡೇ ಆಗಿತ್ತು. ಅಂಗೈಗಿಂತ ಉದ್ದದ ಹಲಗೆಯನ್ನು ಕಂಪ್ಯೂಟರಿನೊಳಗೆ ಸಿಕ್ಕಿಸಬೇಕಾಗಿತ್ತು. ಸಿಂಗಪುರದ ಕ್ರಿಯೇಟಿವ್ ಕಂಪನಿ 1989ರಲ್ಲಿ ತಂದ ‘ಸೌಂಡ್ ಬ್ಲಾಸ್ಟರ್’ ಅವುಗಳಲ್ಲಿ ಬಹಳ ಹೆಸರಾದದ್ದು. ಈಗ ಅದೆಲ್ಲ ಬೆರಳ ಉಗುರಿನಷ್ಟು ಚಿಪ್ಪಾಗಿ ಕಂಪ್ಯೂಟರಿನ ಮುಖ್ಯ ಹಲಗೆಯ ಮೇಲೇ ಕುಳಿತಿದೆ. ಹೆಸರು ಮಾತ್ರ ಕಾರ್ಡ್ ಎಂದೇ ಉಳಿದಿದೆ.

ಡ್ರೈವರ್ ಯಾರು?

ಬೈಲಹೊಂಗಲದ ಬಸ್ ನಿಲ್ದಾಣದಲ್ಲಿ ಬಸ್ಸು ನಿಂತಿದೆ. ಜನ ಹತ್ತಿ ಕುಳಿತಿದ್ದಾರೆ, ಡೀಸೆಲ್ ಇದೆ, ಫಲಕವೂ ಇದೆ. ಡ್ರೈವರ್ ಬಂದಿಲ್ಲ. ಬಸ್ಸು ಹೋಗುತ್ತದೆಯೇ? ಕಂಪ್ಯೂಟರಿನ ಡ್ರೈವರಿಗೂ ಈ ಹೆಸರು ಬಂದದ್ದು ಹೀಗೆಯೇ, ಅದು ಯಂತ್ರಾಂಶವನ್ನು ನಡೆಸುತ್ತದೆ. ಆದರೆ ನನಗೆ ಕೇಳಿದರೆ ಅದಕ್ಕೆ ‘ದುಭಾಷಿ’ ಎಂಬ ಹೆಸರು ಇನ್ನೂ ಚೆನ್ನಾಗಿ ಒಪ್ಪುತ್ತದೆ.

ಸವದತ್ತಿಯ ಯಲ್ಲಮ್ಮನ ಜಾತ್ರೆಗೆ ಹೋದವರಿಗೆ ಇದು ಗೊತ್ತು. ಅಲ್ಲಿಗೆ ಮಹಾರಾಷ್ಟ್ರದಿಂದಲೂ ಗೋವೆಯಿಂದಲೂ ಬಹಳ ಜನ ಬರುತ್ತಾರೆ. ಬಂದವರು ಮರಾಠಿಯಲ್ಲಿ ಕುಂಕುಮ ಭಂಡಾರ ಕೇಳುತ್ತಾರೆ. ಅಂಗಡಿಯಾತನಿಗೆ ಕನ್ನಡ ಮಾತ್ರ ಬರುತ್ತಿದ್ದರೆ ನಡುವೆ ಎರಡೂ ಭಾಷೆ ಬಲ್ಲವರೊಬ್ಬರು ಬೇಕು. ಲಿನಕ್ಸಿಗೆ ಒಂದು ಭಾಷೆ, ಸೌಂಡ್ ಚಿಪ್ಪಿಗೆ ಇನ್ನೊಂದು ಭಾಷೆ. ನಡುವೆ ನಿಂತು ಮಾತಾಡಿಸುವ ತಂತ್ರಾಂಶವೇ ಡ್ರೈವರ್.

ಚಿಪ್ಪಿನ ಭಾಷೆ ಎಂದರೇನು? ಹಳೆಯ ಮನೆಗಳ ಗೋಡೆಯಲ್ಲಿ ದೀಪ ಇಡುವ ಗೂಡುಗಳಿರುತ್ತವಲ್ಲ, ಹಾಗೆ ಚಿಪ್ಪಿನೊಳಗೂ ಸಂಖ್ಯೆ ಇಡುವ ಪುಟ್ಟ ಗೂಡುಗಳಿವೆ. ಈ ಗೂಡಿನಲ್ಲಿ ಈ ಸಂಖ್ಯೆ ಇಟ್ಟರೆ ದನಿ ಏರುತ್ತದೆ, ಆ ಗೂಡಿನಲ್ಲಿ ಸೊನ್ನೆ ಇಟ್ಟರೆ ಪೂರ್ತಿ ಸದ್ದಡಗುತ್ತದೆ. ಯಾವ ಗೂಡು ಯಾವುದಕ್ಕೆ ಎಂಬುದನ್ನು ಚಿಪ್ಪು ಮಾಡಿದವರು ನಿರ್ಧರಿಸಿರುತ್ತಾರೆ. ಒಬ್ಬೊಬ್ಬರದು ಒಂದೊಂದು ಪದ್ಧತಿ. ಆದ್ದರಿಂದ ಒಂದು ಚಿಪ್ಪಿನ ಡ್ರೈವರ್ ಇನ್ನೊಂದಕ್ಕೆ ಬಾರದೆ ಹೋಗಬಹುದು.

ಲಿನಕ್ಸಿಗೆ ದನಿ ಬಂದ ಕಥೆ

ಲಿನಕ್ಸನ್ನು 1991ರಲ್ಲಿ ಆರಂಭಿಸಿದವರು ಲಿನಸ್ ಟೊರ್ವಾಲ್ಡ್ಸ್. ಆಗ ಅವರು ಫಿನ್ಲೆಂಡ್ ದೇಶದ ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿ. ತಾವು ಬರೆದದ್ದನ್ನು ಎಲ್ಲರಿಗೂ ಕೊಟ್ಟರು, ‘ನೋಡಿ, ಬದಲಿಸಿ, ಹಂಚಿ’ ಎಂದು ಬಿಟ್ಟುಬಿಟ್ಟರು. ಆದರೆ ಹೊಸದಾಗಿ ಹುಟ್ಟಿದ ಈ ವ್ಯವಸ್ಥೆಗೆ ದನಿಯೇ ಇರಲಿಲ್ಲ. ಸೌಂಡ್ ಕಾರ್ಡಿನ ಕಂಪನಿಗಳು ತಮ್ಮ ಡ್ರೈವರನ್ನು ಬೇರೆ ವ್ಯವಸ್ಥೆಗಳಿಗಾಗಿ ಬರೆಯುತ್ತಿದ್ದವು. ಲಿನಕ್ಸನ್ನು ಕೇಳುವವರು ಯಾರು?

1992ರಲ್ಲಿ ಅದೇ ಫಿನ್ಲೆಂಡಿನ ಹನ್ನು ಸಾವೊಲೈನೆನ್ ಎಂಬವರು ಸೌಂಡ್ ಬ್ಲಾಸ್ಟರಿಗೆ ಡ್ರೈವರ್ ಬರೆದರು. ಲಿನಕ್ಸ್ ಮೊದಲ ಬಾರಿಗೆ ಸದ್ದು ಮಾಡಿತು. ಆರು ವರ್ಷಗಳ ಬಳಿಕ, 1998ರಲ್ಲಿ, ಝೆಕ್ ದೇಶದ ಯಾರೊಸ್ಲಾವ್ ಕಿಸೆಲಾ ಹೊಸದೊಂದು ಯೋಜನೆ ಶುರು ಮಾಡಿದರು. ಗ್ರಾವಿಸ್ ಅಲ್ಟ್ರಾಸೌಂಡ್ ಎಂಬ ಕಾರ್ಡಿನ ಎಲ್ಲ ಶಕ್ತಿಯನ್ನೂ ಹಳೆಯ ಡ್ರೈವರ್ ಬಳಸುತ್ತಿಲ್ಲ ಎಂಬುದು ಅವರ ತಕರಾರಾಗಿತ್ತು. ತಕರಾರು ಮಾಡಿ ಸುಮ್ಮನೆ ಕೂಡಲಿಲ್ಲ, ತಾವೇ ಬರೆದರು. ಅದೇ ಬೆಳೆದು ‘ಆಲ್ಸಾ’ ಎಂಬ ವ್ಯವಸ್ಥೆಯಾಯಿತು. 2003ರ ಡಿಸೆಂಬರಿನಲ್ಲಿ ಬಂದ ಲಿನಕ್ಸ್ 2.6ರಲ್ಲಿ ಅದು ಸೇರಿಕೊಂಡಿತು. ಇಂದಿಗೂ ಲಿನಕ್ಸಿನ ಸೌಂಡ್ ಡ್ರೈವರುಗಳೆಲ್ಲ ಬಹುಮಟ್ಟಿಗೆ ಆಲ್ಸಾದ ಮನೆಯವೇ.

ಒಂದು ತಮಾಷೆಯ ಸಂಗತಿ. ಲಿನಕ್ಸ್ ಎಂಬ ಹೆಸರನ್ನು ಹೇಗೆ ಉಚ್ಚರಿಸಬೇಕು ಎಂದು ಜನ ಜಗಳಾಡುತ್ತಿದ್ದರು. ಆಗ 1994ರಲ್ಲಿ ಟೊರ್ವಾಲ್ಡ್ಸ್ ತಾವು ಹೇಗೆ ಉಚ್ಚರಿಸುತ್ತೇವೆ ಎಂದು ಕೆಲವೇ ಸೆಕೆಂಡು ಮಾತಾಡಿ ಧ್ವನಿಮುದ್ರಿಸಿ ಹಂಚಿದರು. ಸೌಂಡ್ ಕಾರ್ಡ್ ಕೆಲಸ ಮಾಡುತ್ತಿದೆಯೇ ಎಂದು ಪರೀಕ್ಷಿಸಲು ಎಷ್ಟೋ ಜನ ಆ ಮಾತನ್ನೇ ಬಳಸತೊಡಗಿದರು. ಬಹಳ ಹೊತ್ತು ಹೆಣಗಿದ ಮೇಲೆ ಲಿನಕ್ಸ್ ಮಾಡಿದಾತನ ದನಿಯೇ ಪೆಟ್ಟಿಗೆಯಿಂದ ಹೊರಬಂದರೆ ಹೇಗಿರಬೇಡ!

ನಮ್ಮ ಕಡೆಯ ಮಕ್ಕಳಿಗೂ ಲಿನಕ್ಸ್ ಹೊಸತಲ್ಲ. ಕೇರಳ ಸರ್ಕಾರ 2001ರಲ್ಲಿ ಆರಂಭಿಸಿದ ಶಾಲಾ ಕಂಪ್ಯೂಟರ್ ಯೋಜನೆ ಮುಂದೆ ಮುಕ್ತ ತಂತ್ರಾಂಶವನ್ನೇ ಆರಿಸಿಕೊಂಡಿತು. ಹೀಗಾಗಿ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಶಾಲೆಯಲ್ಲಿ ಲಿನಕ್ಸಿನಲ್ಲೇ ಕಂಪ್ಯೂಟರ್ ಕಲಿಯುತ್ತಾರೆ. ಕರ್ನಾಟಕದಲ್ಲಿ ಪ್ರೌಢಶಾಲೆಯ ಶಿಕ್ಷಕರಿಗಾಗಿ 2011ರ ಬಳಿಕ ನಡೆದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲೂ ಉಬುಂಟು ಎಂಬ ಲಿನಕ್ಸನ್ನು ಬಳಸಿದರು. ಮುಂದೆ ಹೇಳುವುದೆಲ್ಲ ಉಬುಂಟುವನ್ನು ಮನಸ್ಸಿನಲ್ಲಿಟ್ಟುಕೊಂಡು.

ಬನ್ನಿ, ಹುಡುಕೋಣ

ಗುರುಗಳನ್ನು ಜೊತೆಗೆ ಕರೆದುಕೊಳ್ಳಿ. ಕಂಪ್ಯೂಟರಿನ ಪೆಟ್ಟಿಗೆಯನ್ನು ಬಿಚ್ಚಬೇಡಿ, ಅದರ ಅಗತ್ಯವೇ ಇಲ್ಲ. ಕಿವಿಗೆ ಹಾಕುವ ಹೆಡ್‌ಫೋನ್ ಇದ್ದರೆ ಹುಡುಕಾಟದ ಹೊತ್ತಿನಲ್ಲಿ ತಲೆಗೆ ಹಾಕಿಕೊಳ್ಳದೆ ಮೇಜಿನ ಮೇಲೇ ಇಡಿ. ತೂಬು ತೆರೆದ ಕ್ಷಣ ದನಿ ಜೋರಾಗಿ ನುಗ್ಗಬಹುದು.

ಮೊದಲು ಕಾಲುವೆಯ ತುದಿ, ಅಂದರೆ ಸ್ಪೀಕರ್. ಅದರ ದೀಪ ಉರಿಯುತ್ತಿದೆಯೇ? ದನಿಯ ತಿರುಗಣೆ ತಳದಲ್ಲಿದೆಯೇ? ಸ್ಪೀಕರಿನ ಪಿನ್ನನ್ನು ಗುರುಗಳ ಮೊಬೈಲಿಗೋ ರೇಡಿಯೊಕ್ಕೋ ಸಿಕ್ಕಿಸಲು ಬಂದರೆ ಸಿಕ್ಕಿಸಿ ಹಾಡು ಹಚ್ಚಿ. ಹಾಡಿತೇ? ಸ್ಪೀಕರ್ ನಿರಪರಾಧಿ. ಈಗ ಕಂಪ್ಯೂಟರಿನ ಬೆನ್ನು ನೋಡಿ. ಅಲ್ಲಿ ಸಾಮಾನ್ಯವಾಗಿ ಮೂರು ಸಣ್ಣ ತೂತುಗಳಿರುತ್ತವೆ. ಹಸಿರು ಬಣ್ಣದ್ದು ಸ್ಪೀಕರಿಗೆ, ಗುಲಾಬಿ ಮೈಕಿಗೆ, ತಿಳಿನೀಲಿ ಹೊರಗಿನ ದನಿಯನ್ನು ಒಳಗೆ ತರಲು. ಒಪ್ಪಿಕೊಳ್ಳಲು ನಾಚಿಕೆ, ಆದರೂ ಹೇಳಿಬಿಡುತ್ತೇನೆ. ನಾನು ಒಮ್ಮೆ ಅರ್ಧ ದಿನ ಡ್ರೈವರನ್ನು ಬೈಯುತ್ತ ಕುಳಿತಿದ್ದೆ. ಕಡೆಗೆ ನೋಡಿದರೆ ಪಿನ್ನು ಗುಲಾಬಿ ತೂತಿನಲ್ಲಿತ್ತು.

ತುದಿ ಸರಿಯಿದೆ ಎಂದಾಯಿತು. ಈಗ ಒಂದು ಜಾಣತನ. ಉದ್ದ ಕಾಲುವೆಯನ್ನು ಒಂದು ತುದಿಯಿಂದ ಹೆಜ್ಜೆ ಹೆಜ್ಜೆಯಾಗಿ ನೋಡುವ ಬದಲು ನೇರ ನಡುವಿಗೆ ಹೋಗಿ. ಅಲ್ಲಿ ನೀರಿದ್ದರೆ ಮೇಲಿನ ಅರ್ಧ ಸರಿಯಿದೆ, ಇರದಿದ್ದರೆ ತೊಂದರೆ ಮೇಲಿದೆ. ಒಂದೇ ನೋಟದಲ್ಲಿ ಅರ್ಧ ದಾರಿ ಉಳಿಯಿತು! ದನಿಯ ಕಾಲುವೆಯಲ್ಲೂ ಹೀಗೆ ನಡುವಿಗೆ ಹೋಗಬಹುದು. ಕೀಲಿಮಣೆಯಲ್ಲಿ ಕಂಟ್ರೋಲ್, ಆಲ್ಟ್, ಟಿ ಮೂರನ್ನೂ ಒಟ್ಟಿಗೆ ಒತ್ತಿ. ಟರ್ಮಿನಲ್ ಎಂಬ ಕಿಟಕಿ ತೆರೆಯುತ್ತದೆ. ಇಲ್ಲಿ ಚಿತ್ರಗಳಿಲ್ಲ, ನೀವು ಅಕ್ಷರದಲ್ಲಿ ಕೇಳಬೇಕು, ಕಂಪ್ಯೂಟರ್ ಅಕ್ಷರದಲ್ಲಿ ಉತ್ತರಿಸುತ್ತದೆ. ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ‘ಸ್ಪೀಕರ್’ ಎಂದು ಬರೆದು, ಜಾಗ ಬಿಡದೆ ಒಂದು ಅಡ್ಡಗೆರೆ ಹಾಕಿ, ‘ಟೆಸ್ಟ್’ ಎಂದು ಬರೆದು ಎಂಟರ್ ಒತ್ತಿ. ತಗಡಿನ ಮೇಲೆ ಮಳೆ ಸುರಿದಂತೆ ‘ಸ್‌ಸ್‌ಸ್’ ಎಂದು ಕೇಳಬೇಕು. ನಿಲ್ಲಿಸಲು ಕಂಟ್ರೋಲ್ ಜೊತೆ ಸಿ ಒತ್ತಿ.

ಮಳೆಯ ಸದ್ದು ಕೇಳಿತೇ? ಹಾಗಾದರೆ ಡ್ರೈವರ್, ಚಿಪ್ಪು, ತಂತಿ ಎಲ್ಲ ಸರಿ. ತೊಂದರೆ ಇರುವುದು ವಿಡಿಯೊದಲ್ಲಿ ಅಥವಾ ಅದನ್ನು ತೋರಿಸುವ ತಂತ್ರಾಂಶದಲ್ಲಿ. ಆ ತಂತ್ರಾಂಶದ ಸ್ವಂತ ದನಿಗುಂಡಿ ಮುಚ್ಚಿರಬಹುದು, ಬೇರೊಂದು ವಿಡಿಯೊ ಹಚ್ಚಿ ನೋಡಿ.

ಕೇಳಲಿಲ್ಲವೇ? ಹುಡುಕಾಟದ ಸ್ವಾರಸ್ಯ ಇಲ್ಲಿಂದ ಮುಂದೆ ಇದೆ. ಈಗ ಲಿನಕ್ಸನ್ನೇ ಕೇಳೋಣ, ‘ನಿನಗೆ ಯಾವ ಸೌಂಡ್ ಕಾರ್ಡಿನ ಪರಿಚಯವಿದೆ?’ ಎಂದು. ಟರ್ಮಿನಲ್ಲಿನಲ್ಲಿ ಎ, ಪಿ, ಎಲ್, ಎ, ವೈ ಎಂಬ ಐದು ಅಕ್ಷರ ಬರೆದು, ಒಂದು ಜಾಗ ಬಿಟ್ಟು, ಅಡ್ಡಗೆರೆ ಮತ್ತು ಎಲ್ ಬರೆದು ಎಂಟರ್ ಒತ್ತಿ. ‘ಕಾರ್ಡ್ 0’ ಎಂದು ಆರಂಭವಾಗುವ ಸಾಲು ಬಂದರೆ ಚಿಪ್ಪಿಗೆ ಡ್ರೈವರ್ ಸಿಕ್ಕಿದೆ ಎಂದರ್ಥ. ಕಂಪ್ಯೂಟರ್ ಮಂದಿ ಎಣಿಸುವುದು ಸೊನ್ನೆಯಿಂದ, ಆದ್ದರಿಂದ 0 ಎಂದರೆ ಮೊದಲನೆಯದು.

ದುಭಾಷಿ ಇದ್ದಾರೆ, ಆದರೂ ದನಿಯಿಲ್ಲ. ಆಗ ತೂಬು ನೋಡಬೇಕು. ಕಿತ್ತೂರು ಉತ್ಸವ ನೋಡಿದ್ದೀರಾ? ಪ್ರತಿ ಅಕ್ಟೋಬರಿನಲ್ಲಿ ರಾಣಿ ಚೆನ್ನಮ್ಮನ ಕೋಟೆಯ ಊರಿನಲ್ಲಿ ದೊಡ್ಡ ವೇದಿಕೆ ಏಳುತ್ತದೆ. ಇಂಥ ವೇದಿಕೆಗಳ ಎದುರು, ಜನರ ನಡುವೆ, ಒಬ್ಬರು ಸಾಲು ಸಾಲು ಜಾರುಗುಂಡಿಗಳ ಹಲಗೆ ಇಟ್ಟುಕೊಂಡು ಕುಳಿತಿರುತ್ತಾರೆ. ಒಂದು ಗುಂಡಿ ಹಾಡುವವರಿಗೆ, ಒಂದು ತಬಲಕ್ಕೆ, ಒಂದು ಹಾರ್ಮೋನಿಯಮ್ಮಿಗೆ. ಒಂದನ್ನು ತಳಕ್ಕೆ ಎಳೆದರೆ ಸಾಕು, ವೇದಿಕೆಯ ಮೇಲೆ ಎಷ್ಟು ಬಾರಿಸಿದರೂ ಕೇಳಿಸದು. ಇಂಥದೇ ಹಲಗೆ ನಿಮ್ಮ ಕಂಪ್ಯೂಟರಿನಲ್ಲೂ ಇದೆ, ಹೆಸರು ಆಲ್ಸಾಮಿಕ್ಸರ್. ಎ, ಎಲ್, ಎಸ್, ಎ, ಎಂ, ಐ, ಎಕ್ಸ್, ಇ, ಆರ್ ಎಂಬ ಒಂಬತ್ತು ಅಕ್ಷರ ಬರೆದು ಎಂಟರ್ ಒತ್ತಿ.

ಪರದೆಯ ಮೇಲೆ ಕಂಬಗಳು ಕಾಣುತ್ತವೆ. ಒಂದೇ ಒಂದು ಕಂಬ ಕಂಡರೆ ಎಫ್ 6 ಕೀಲಿ ಒತ್ತಿ, ಪಟ್ಟಿಯಿಂದ ನಿಜವಾದ ಕಾರ್ಡನ್ನು ಆರಿಸಿ. ಆಗ ಮಾಸ್ಟರ್, ಹೆಡ್‌ಫೋನ್, ಸ್ಪೀಕರ್, ಪಿಸಿಎಂ ಎಂಬ ಕಂಬಗಳು ಸಾಲಾಗಿ ನಿಲ್ಲುತ್ತವೆ. ಪ್ರತಿ ಕಂಬದ ಬುಡದಲ್ಲಿ ಒಂದು ಪುಟ್ಟ ಚೌಕವಿದೆ, ಅದನ್ನು ಗಮನಿಸಿ ನೋಡಿ. ಅಲ್ಲಿ ಎರಡು ಸೊನ್ನೆ ಇದ್ದರೆ ತೂಬು ತೆರೆದಿದೆ. ಎಂ ಎಂ ಎಂದಿದ್ದರೆ ಮುಚ್ಚಿದೆ! ಬಾಣದ ಕೀಲಿಯಿಂದ ಆ ಕಂಬಕ್ಕೆ ಹೋಗಿ ಎಂ ಕೀಲಿಯನ್ನು ಒಂದು ಸಲ ಒತ್ತಿ. ಮೇಲ್ಬಾಣ ಒತ್ತಿ ಕಂಬವನ್ನು ಏರಿಸಿ. ಹೊರಬರಲು ಎಸ್ಕೇಪ್.

ಎಷ್ಟೋ ಕಂಪ್ಯೂಟರುಗಳ ಮೌನ ಇಷ್ಟಕ್ಕೇ ಮುರಿಯುತ್ತದೆ. ಇಲ್ಲೇ ಆಟೊಮ್ಯೂಟ್ ಎಂಬ ಇನ್ನೊಂದು ಅಂಶವೂ ಇರಬಹುದು. ಹೆಡ್‌ಫೋನ್ ಸಿಕ್ಕಿಸಿದ ಕೂಡಲೇ ಸ್ಪೀಕರಿನ ಬಾಯಿ ಮುಚ್ಚಿಸುವುದು ಅದರ ಕೆಲಸ. ತೂತಿನಲ್ಲಿ ಧೂಳೋ ತುಕ್ಕೋ ಇದ್ದರೆ ಹೆಡ್‌ಫೋನ್ ಇಲ್ಲದಿದ್ದರೂ ಇದೆಯೆಂದು ಭ್ರಮಿಸುತ್ತದೆ. ಅದನ್ನು ನಿಷ್ಕ್ರಿಯಗೊಳಿಸಿ ನೋಡಬಹುದು.

ತೂಬುಗಳೆಲ್ಲ ತೆರೆದಿದ್ದರೂ ನೀರು ಪಕ್ಕದ ಹೊಲಕ್ಕೆ ತಿರುಗಿರಬಹುದು ಎಂದಿದ್ದೆನಲ್ಲವೇ? ಎಚ್‌ಡಿಎಂಐ ತಂತಿಯಿಂದ ಮಾನಿಟರ್ ಅಥವಾ ಪ್ರೊಜೆಕ್ಟರ್ ಜೋಡಿಸಿದ್ದರೆ ಆ ತಂತಿ ಚಿತ್ರದ ಜೊತೆ ದನಿಯನ್ನೂ ಒಯ್ಯಬಲ್ಲದು. ಕಂಪ್ಯೂಟರ್ ದನಿಯನ್ನೆಲ್ಲ ಅತ್ತ ಕಳಿಸುತ್ತದೆ, ಅಲ್ಲಿ ಸ್ಪೀಕರೇ ಇರುವುದಿಲ್ಲ! ದನಿಯನ್ನು ಹೀಗೆ ಹಂಚುವ ತಂತ್ರಾಂಶದ ಹೆಸರು ಇಂದಿನ ಉಬುಂಟುವಿನಲ್ಲಿ ಪೈಪ್‌ವೈರ್. 2022ರ ಅಕ್ಟೋಬರಿಗೆ ಮೊದಲಿನ ಉಬುಂಟುಗಳಲ್ಲಿ ಅದು ಪಲ್ಸ್‌ಆಡಿಯೊ. ಸೆಟ್ಟಿಂಗ್ಸ್‌ನಲ್ಲಿ ಸೌಂಡ್ ಎಂಬ ಪುಟ ತೆರೆದು ಔಟ್‌ಪುಟ್ ಯಾವುದಿದೆ ನೋಡಿ, ಬೇಕಾದ್ದನ್ನು ಆರಿಸಿ.

ಆ ಪುಟದಲ್ಲಿ ಕೆಲವೊಮ್ಮೆ ‘ಡಮ್ಮಿ ಔಟ್‌ಪುಟ್’ ಎಂದು ಮಾತ್ರ ಇರುತ್ತದೆ. ಇದು ತಳವಿಲ್ಲದ ಕೊಡ. ಒಂದೂ ಕಾರ್ಡು ಸಿಗದಿದ್ದಾಗ ತಂತ್ರಾಂಶಗಳು ದಾರಿ ಕಾಣದೆ ನಿಂತುಬಿಡಬಾರದೆಂದು ಲಿನಕ್ಸ್ ಒಂದು ಸುಳ್ಳು ಕಾರ್ಡನ್ನು ಕಲ್ಪಿಸಿ ದನಿಯನ್ನೆಲ್ಲ ಅದರೊಳಗೆ ಸುರಿಯುತ್ತದೆ. ಡಮ್ಮಿ ಕಂಡರೆ ಚಿಪ್ಪಿಗೂ ಲಿನಕ್ಸಿಗೂ ಮಾತುಕತೆಯೇ ನಡೆದಿಲ್ಲ ಎಂದು ತಿಳಿಯಿರಿ. ಆಗ ಟರ್ಮಿನಲ್ಲಿನಲ್ಲಿ ಎಲ್, ಎಸ್, ಪಿ, ಸಿ, ಐ ಎಂದು ಬರೆದು ಎಂಟರ್ ಒತ್ತಿ. ಹಲಗೆಯ ಮೇಲಿರುವ ಮುಖ್ಯ ಚಿಪ್ಪುಗಳ ಹಾಜರಿ ಪುಸ್ತಕ ಬರುತ್ತದೆ. ಅದರಲ್ಲಿ ಆಡಿಯೊ ಎಂಬ ಪದ ಹುಡುಕಿ. ಹಾಜರಿಯಲ್ಲಿ ಇದ್ದೂ ಡಮ್ಮಿ ಬಂದಿದ್ದರೆ ಚಿಪ್ಪು ಇದೆ, ಡ್ರೈವರ್ ಸಿಕ್ಕಿಲ್ಲ. ಕಂಪ್ಯೂಟರನ್ನು ಆರಿಸಿ ಮತ್ತೆ ಆರಂಭಿಸಿ ನೋಡಿ. ಆಗಲೂ ಆಗದಿದ್ದರೆ ಗುರುಗಳು ಲಿನಕ್ಸಿನ ಹೊಸ ಆವೃತ್ತಿ ಹಾಕಿಸಬೇಕು, ಏಕೆಂದರೆ ಹೊಸ ಚಿಪ್ಪುಗಳ ಡ್ರೈವರು ಹೊಸ ಆವೃತ್ತಿಯಲ್ಲೇ ಬರುವುದು. ಕೆಲವು ಹೊಸ ಲ್ಯಾಪ್‌ಟಾಪುಗಳ ಚಿಪ್ಪಿಗೆ ಡ್ರೈವರಿನ ಜೊತೆ ಫರ್ಮ್‌ವೇರ್ ಎಂಬ ಇನ್ನೊಂದು ಕಡತವೂ ಬೇಕು. ಹಾಜರಿಯಲ್ಲಿ ಆಡಿಯೊ ಎಂಬುದೇ ಇಲ್ಲದಿದ್ದರೆ ಕಂಪ್ಯೂಟರಿನ ಮೂಲ ಹೊಂದಿಕೆಯಲ್ಲಿ ಯಾರೋ ಚಿಪ್ಪನ್ನು ನಿಷ್ಕ್ರಿಯಗೊಳಿಸಿರಬಹುದು. ಅಥವಾ ಈ ಸಲ ಮಾತ್ರ ಹಿಂದಿನ ಸಾಲಿನವರ ತೀರ್ಪು ಸರಿಯಿರಬಹುದು.

ಒಂದೇ ಚಿಪ್ಪು, ಬೇರೆ ಬೇರೆ ನೇಯ್ಗೆ

ನಿಮ್ಮಲ್ಲಿ ಜಾಣರೊಬ್ಬರು ಕೇಳಬಹುದು: ನಮ್ಮ ಶಾಲೆಯ ಕಂಪ್ಯೂಟರಿನಲ್ಲೂ ಪಕ್ಕದೂರಿನದರಲ್ಲೂ ಅದೇ ಚಿಪ್ಪು, ಅದೇ ಲಿನಕ್ಸ್. ಅಲ್ಲಿ ಹಾಡುತ್ತದೆ, ಇಲ್ಲಿ ಏಕಿಲ್ಲ?

ಒಳ್ಳೆಯ ಪ್ರಶ್ನೆ. ರಾಮದುರ್ಗದ ನೇಕಾರರ ಮನೆಗೆ ಹೋಗಿ ನೋಡಿ. ಎರಡು ಮಗ್ಗ ಒಂದೇ ಥರ ಇರುತ್ತವೆ. ಆದರೆ ಹಾಸಿನ ನೂಲನ್ನು ಹೂಡಿದ ಕ್ರಮ ಬೇರೆಯಾದರೆ ಬರುವ ಬಟ್ಟೆಯೂ ಬೇರೆ. ಸೌಂಡ್ ಚಿಪ್ಪಿಗೆ ಹತ್ತಾರು ಕಾಲುಗಳಿವೆ. ಯಾವ ಕಾಲಿನಿಂದ ಯಾವ ತೂತಿಗೆ ತಂತಿ ಎಳೆಯಬೇಕು ಎಂಬುದು ಕಂಪ್ಯೂಟರ್ ಜೋಡಿಸಿದ ಕಂಪನಿಗೆ ಬಿಟ್ಟದ್ದು. ಎಳೆದ ಮೇಲೆ ಅದರ ನಕ್ಷೆಯನ್ನು ಕಂಪ್ಯೂಟರಿನ ಒಳಗೇ ಬರೆದಿಡಬೇಕು. ಡ್ರೈವರ್ ಆ ನಕ್ಷೆಯನ್ನು ನಂಬಿ ದನಿ ಕಳಿಸುತ್ತದೆ. ನಕ್ಷೆಯೇ ತಪ್ಪಿದ್ದರೆ? ಎಲ್ಲಿಗೂ ಜೋಡಿಸದ ಕಾಲಿಗೆ ದನಿ ಹೋಗಿ ಮಾಯವಾಗುತ್ತದೆ. ಆಲ್ಸಾಮಿಕ್ಸರಿನಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತದೆ, ಸ್ಪೀಕರ್ ಮಾತ್ರ ಮೌನ. ಲಿನಕ್ಸಿನ ಸೌಂಡ್ ತೊಂದರೆಗಳಲ್ಲಿ ತುಂಬ ಗೋಳು ಹೊಯ್ದುಕೊಳ್ಳುವುದು ಇದೇ.

ಇದಕ್ಕೆ ಲಿನಕ್ಸ್ ಬಳಗದವರು ಕಂಡುಕೊಂಡ ಉಪಾಯ ಸರಳವಾದದ್ದು, ಆದರೆ ಬೇಸರದ ಕೆಲಸ. ಡ್ರೈವರಿನೊಳಗೆ ಅವರು ಒಂದು ತಿದ್ದೋಲೆಯನ್ನು ಇಟ್ಟಿದ್ದಾರೆ. ‘ಈ ಕಂಪನಿಯ ಈ ಮಾದರಿ ಕಂಡರೆ ನಕ್ಷೆಯನ್ನು ನಂಬಬೇಡ, ಹೀಗೆ ಮಾಡು’ ಎಂಬಂಥ ಸಾಲುಗಳು. ಇಂಥ ಸಾಲುಗಳು ಅಲ್ಲಿ ರಾಶಿ ರಾಶಿ ಇವೆ. ಅವುಗಳಲ್ಲಿ ಎಷ್ಟೋ ಸಾಲುಗಳ ಹಿಂದೆ, ಸುಮ್ಮನಾದ ಕಂಪ್ಯೂಟರಿನ ಮುಂದೆ ಕುಳಿತು ಅದರ ವಿವರಗಳನ್ನು ಬರೆದು ಕಳಿಸಿದ ಯಾರೋ ಒಬ್ಬರಿದ್ದಾರೆ. ಅವರ ಮನೆಯ ಯಂತ್ರ ಸರಿಯಾದಾಗ ಅದೇ ಮಾದರಿ ಇರುವ ಎಲ್ಲ ಊರಿನ ಯಂತ್ರಗಳೂ ಮುಂದಿನ ಆವೃತ್ತಿಯಲ್ಲಿ ಹಾಡಿದವು. ನೀವೂ ಕಳಿಸಬಹುದು. ಅದಕ್ಕೆ ಬೇಕಾದ ವಿವರಗಳನ್ನೆಲ್ಲ ಒಂದೇ ಕಡೆ ಗುಡ್ಡೆ ಹಾಕಿಕೊಡುವ ಆಲ್ಸಾಇನ್ಫೊ ಎಂಬ ಪುಟ್ಟ ತಂತ್ರಾಂಶವೂ ಇದೆ.

ಆದ್ದರಿಂದ ಹುಡುಕುವಾಗ ಒಂದು ನೋಟುಬುಕ್ಕು ಪಕ್ಕದಲ್ಲಿರಲಿ. ಏನು ಬದಲಿಸಿದಿರಿ, ಆಗ ಏನಾಯಿತು ಎಂದು ಬರೆಯುತ್ತ ಹೋಗಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ದನಿ ಬಂದರೂ ಯಾವುದರಿಂದ ಬಂತು ಎಂದು ಗೊತ್ತಾಗುವುದಿಲ್ಲ, ನಾಳೆ ಮತ್ತೆ ನಿಂತರೆ ಮೊದಲಿನಿಂದ ಪರದಾಡಬೇಕು.

ದನಿಯೇ ಪರದೆಯಾದಾಗ

ಒಂದು ವಿಡಿಯೊಕ್ಕೆ ದನಿ ಬಾರದಿದ್ದರೆ ಏನು ಮಹಾ ನಷ್ಟ ಎನಿಸಬಹುದು. ಚಿತ್ರವಾದರೂ ಇದೆಯಲ್ಲ! ಆದರೆ ನಿಮ್ಮ ತರಗತಿಯಲ್ಲಿ ಕಣ್ಣು ಕಾಣದ ಗೆಳತಿಯೊಬ್ಬಳು ಇದ್ದರೆ? ಅವಳಿಗೆ ಕಂಪ್ಯೂಟರಿನ ಪರದೆ ಎಂದರೆ ಅದರ ದನಿಯೇ. ಉಬುಂಟುವಿನಲ್ಲಿ ಓರ್ಕಾ ಎಂಬ ತಂತ್ರಾಂಶವಿದೆ. ಪರದೆಯ ಮೇಲಿನ ಬರಹವನ್ನು, ಗುಂಡಿಗಳ ಹೆಸರನ್ನು, ಒತ್ತಿದ ಅಕ್ಷರವನ್ನು ಅದು ಗಟ್ಟಿಯಾಗಿ ಓದಿ ಹೇಳುತ್ತದೆ. ಓದುವ ಗಂಟಲು ಇ-ಸ್ಪೀಕ್ ಎಂಬ ಇನ್ನೊಂದು ಮುಕ್ತ ತಂತ್ರಾಂಶದ್ದು. ಅದಕ್ಕೆ ಕನ್ನಡವೂ ಬರುತ್ತದೆ. ಸೌಂಡ್ ಡ್ರೈವರ್ ಕೈಕೊಟ್ಟ ದಿನ ನಿಮಗೆ ಕೋಗಿಲೆಯ ಹಾಡಷ್ಟೇ ತಪ್ಪುತ್ತದೆ, ಆಕೆಗೆ ಇಡೀ ಕಂಪ್ಯೂಟರೇ ತಪ್ಪುತ್ತದೆ. ಎಲ್ಲಿ ಕೆಟ್ಟಿದೆ ಎಂದು ತಾನೇ ಹುಡುಕಲು ಹೊರಟರೂ ಪರದೆ ಏನು ಹೇಳುತ್ತಿದೆ ಎಂದು ಆಕೆಗೆ ಕೇಳಿಸುವುದಿಲ್ಲ. ಆಗ ಪಕ್ಕದಲ್ಲಿ ಕುಳಿತು ಎಂ ಎಂ ಎಂಬ ಚೌಕವನ್ನು ನೋಡಿ ಹೇಳುವ ಒಬ್ಬರು ಬೇಕು.

ಮಾಡಿ ನೋಡಿ

ದನಿ ಬಂದ ಮೇಲೆ ಇದನ್ನು ಮಾಡಿ. ಆಲ್ಟ್ ಕೀಲಿ, ಅದರ ಪಕ್ಕದ ಸೂಪರ್ ಕೀಲಿ, ಎಸ್ ಕೀಲಿ, ಮೂರನ್ನೂ 1 ಸಲ ಒಟ್ಟಿಗೆ ಒತ್ತಿ. ಓರ್ಕಾ ಮಾತಾಡಲು ತೊಡಗುತ್ತದೆ. ಮತ್ತೆ ಅದನ್ನೇ ಒತ್ತಿದರೆ ಸುಮ್ಮನಾಗುತ್ತದೆ. ಗುರುಗಳ ಸಹಾಯದಿಂದ ಅದರ ಹೊಂದಿಕೆಯಲ್ಲಿ ಕನ್ನಡದ ಗಂಟಲನ್ನು ಆರಿಸಿಕೊಳ್ಳಿ. ಒಂದು ಹೊಸ ಕಡತ ತೆರೆದು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಂದು ಬರೆಯಿರಿ. ಕೆಳಗೆ ನಿಮ್ಮ ಹಳ್ಳಿಯ ಹೆಸರನ್ನೂ ಬರೆಯಿರಿ. ಈಗ ಮಾನಿಟರಿನ ಮೇಲೆ ಆ ಹಳೆಯ ಹೊದಿಕೆಯ ಬಟ್ಟೆಯನ್ನು ಹಾಕಿ, ಬಾಣದ ಕೀಲಿಯಿಂದ ಸಾಲು ಸಾಲಾಗಿ ಇಳಿಯುತ್ತ ಕೇಳಿ. ಯಾವ ಊರಿನ ಹೆಸರನ್ನು ಅದು ಸರಿಯಾಗಿ ಹೇಳಿತು, ಯಾವುದರಲ್ಲಿ ನಾಲಿಗೆ ತೊಡರಿತು ಎಂದು ನೋಟುಬುಕ್ಕಿನಲ್ಲಿ ಬರೆದುಕೊಳ್ಳಿ.